ಮೊಬೈಲು ನಿಮ್ಮದು, ಮಾತು ಮಗುವಿನದಾಗಲಿ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಹೆಂಗಸರು ಪಾತ್ರೆಯನ್ನೆಲ್ಲ ಬಗ್ಗಿಸಿ ನೋಡುವುದಿಲ್ಲ. ಒಂದಗುಳು ತೆಗೆದು ಬೆರಳ ನಡುವೆ ಹಿಚುಕುತ್ತೇವೆ, ಗೊತ್ತಾಗಿಬಿಡುತ್ತದೆ. ಆದರೆ ಶಾಲೆಗೆ ಹೋಗುವ ಮಗು ನಿಜವಾಗಿ ಏನು ಕಲಿತಿದೆ ಎಂದು ತಿಳಿಯುವುದು ಹೇಗೆ? ನೋಟುಬುಕ್ಕಿನ ತುಂಬ ಕೆಂಪು ಶಾಯಿಯ ಸರಿ ಗುರುತು ಇದ್ದರೆ ಸಾಕೆ? ಅಂಕಪಟ್ಟಿಯಲ್ಲಿ ‘ಎ’ ಎಂದು ಬರೆದಿದ್ದರೆ ಸಾಕೆ? ಸಾಲದು ಎನ್ನುವುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆ ತಪ್ಪನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಂಕೋಚವೇನೋ ಇದೆ. ಆದರೂ ನನ್ನಂಥ ತಾಯಂದಿರು ಇನ್ನೂ ಇರಬಹುದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿ. ಶನಿವಾರ ಬಂತೆಂದರೆ ಶನಿಮಹಾತ್ಮನ ದರ್ಶನಕ್ಕೆ ಬರುವ ಜನರಿಂದ ರಸ್ತೆಯೆಲ್ಲ ಗಿಜಿಗಿಜಿ. ಉಳಿದ ದಿನಗಳಲ್ಲಿ ರಾಗಿ ಹೊಲ, ಹೂವಿನ ತೋಟ, ಹಾಲಿನ ಡೈರಿ, ಇಷ್ಟೇ ನಮ್ಮ ಪ್ರಪಂಚ. ಯಜಮಾನರು ದೊಡ್ಡಬಳ್ಳಾಪುರಕ್ಕೆ ಮಗ್ಗದ ಕೆಲಸಕ್ಕೆ ಹೋಗಿ ಬರುತ್ತಾರೆ. ಮನೆಯಲ್ಲಿ ಅತ್ತೆ, ಮೈದುನನ ಸಂಸಾರ, ಮಕ್ಕಳು ಎಲ್ಲ ಸೇರಿ ಎಂಟು ಜನ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಹಾಗಾಗಿ ಮಕ್ಕಳ ಹೋಂವರ್ಕು ನನ್ನ ಪಾಲಿಗೇ ಬಂದ ಕೆಲಸ.

ಎಡಗೈ ಬರಹದ ಕಥೆ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ನನ್ನ ಕಿರಿಯ ಮಗಳು ಆಗ ಒಂದನೇ ತರಗತಿ ಮುಗಿಸಿದ್ದಳು. ಆ ವರ್ಷ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಎಂಬ ಕಾರ್ಯಕ್ರಮ ಶುರುಮಾಡಿತು. ಶಾಲೆಗೆ ಮಕ್ಕಳು ಬರುವ ಬದಲು ಮೇಷ್ಟ್ರುಗಳೇ ಊರಿಗೆ ಬಂದು ಅರಳಿಕಟ್ಟೆ, ದೇವಸ್ಥಾನದ ಪಡಸಾಲೆಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದನ್ನೂ ನಿಲ್ಲಿಸಬೇಕಾಯಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ! ಗಿಡ ನೆಟ್ಟು ಅಷ್ಟು ದಿನ ನೀರು ಹಾಕದಿದ್ದರೆ ಏನಾಗುತ್ತದೆ, ನೀವೇ ಯೋಚಿಸಿ.

ಆ ದಿನಗಳಲ್ಲಿ ನೀರಿನ ಬದಲು ನಮಗಿದ್ದದ್ದು ವಾಟ್ಸಾಪು. ಶಾಲೆಯಿಂದ ಬೆಳಿಗ್ಗೆ ಹೋಂವರ್ಕು ಬರುತ್ತಿತ್ತು. ಮಗು ಬರೆದದ್ದನ್ನು ಫೋಟೋ ತೆಗೆದು ಗುಂಪಿಗೆ ಹಾಕಬೇಕು. ಮನೆಗೆಲ್ಲ ಇದ್ದದ್ದು ಒಂದೇ ದೊಡ್ಡ ಫೋನು, ಅದೂ ಯಜಮಾನರದ್ದು. ಅವರು ಮನೆ ಸೇರುವಾಗ ರಾತ್ರಿ ಎಂಟು ಗಂಟೆ. ಅಷ್ಟು ಹೊತ್ತಿಗೆ ಮಗಳು ತೂಕಡಿಸುತ್ತಿದ್ದಳು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಗುಂಪಿನಲ್ಲಿ ಆಗಲೇ ಬೇರೆ ಮಕ್ಕಳ ಮುದ್ದಾದ ಅಕ್ಷರಗಳು ಸಾಲಾಗಿ ಬಂದು ಕೂತಿರುತ್ತಿದ್ದವು. ನಮ್ಮದು ಮಾತ್ರ ಇಲ್ಲ ಎಂದರೆ ಹೇಗೆ? ಒಂದು ದಿನ ಪೆನ್ಸಿಲು ತೆಗೆದುಕೊಂಡು ನಾನೇ ಬರೆದುಬಿಟ್ಟೆ. ಮಗುವಿನ ಅಕ್ಷರದ ಹಾಗೆ ಕಾಣಲಿ ಅಂತ ಎಡಗೈಯಲ್ಲಿ ಬರೆದೆ. ಮೇಡಂ ಕಡೆಯಿಂದ ‘ಶಭಾಷ್’ ಅಂತ ಬಂತು, ಜೊತೆಗೆ ಒಂದು ಹೆಬ್ಬೆರಳು.

ಒಂದು ದಿನ ಎರಡು ದಿನವಾಯಿತು, ವಾರವಾಯಿತು, ತಿಂಗಳಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಎಡಗೈ ಬರಹ ಒಳ್ಳೆ ಅಭ್ಯಾಸವಾಗಿಬಿಟ್ಟಿತು. ಮಗಳಿಗೂ ಖುಷಿ, ಮೇಡಮ್ಮಿಗೂ ಖುಷಿ, ನನಗೂ ಕೆಲಸ ಮುಗಿದ ಸಮಾಧಾನ.

ಶಾಲೆ ತೆರೆದು ಎರಡು ವಾರವಾಗಿರಬಹುದು. ಮೇಡಂ ಹೇಳಿ ಕಳಿಸಿದರು. ಹೋದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಫೋನಿನಲ್ಲಿ ಹಳೆಯ ಫೋಟೋ ಒಂದನ್ನು ತೋರಿಸಿ, ‘ಇದನ್ನು ಓದು ಮಗು’ ಅಂದರು. ಮೂರು ಸಾಲಿನ ಬರಹ. ಅವಳು ಸರಳ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿದಳು. ಕಾಗುಣಿತ ಬಂದ ಕಡೆ ನಿಂತಳು. ಒತ್ತಕ್ಷರ ಬಂದ ಕಡೆ ನನ್ನ ಮುಖ ನೋಡಿದಳು. ಮೂರನೇ ತರಗತಿಯ ಹುಡುಗಿ!

‘ಫೋಟೋದಲ್ಲಿ ಇದನ್ನು ಬರೆದ ಹುಡುಗಿ ಯಾರು?’ ಎಂದು ಮೇಡಂ ಮೆತ್ತಗೆ ಕೇಳಿದರು. ‘ಅಮ್ಮ’ ಅಂದಳು ಮಗಳು. ಮಕ್ಕಳಿಗೆ ಸುಳ್ಳು ಬರುವುದಿಲ್ಲ ನೋಡಿ. ಆ ಹೊತ್ತಿನಲ್ಲಿ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಒಂದು ನಿಮಿಷದ ಮದ್ದು

ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ‘ನಿಮ್ಮೊಬ್ಬರದೇ ಅಲ್ಲ, ಬಿಡಿ. ಫೋಟೋ ಕೇಳಿದ್ದು ನಮ್ಮದೂ ತಪ್ಪು. ಫೋಟೋದಲ್ಲಿ ಬರಹ ಕಾಣುತ್ತೆ, ಬರೆದ ಕೈ ಕಾಣೋದಿಲ್ಲ’ ಅಂದರು. ಆಮೇಲೆ ಒಂದು ಉಪಾಯ ಹೇಳಿದರು. ಇನ್ನು ಮೇಲೆ ಫೋಟೋ ಬೇಡ. ದಿನಕ್ಕೆ ಒಂದು ನಿಮಿಷ ಮಗಳು ಓದಿದ್ದನ್ನು ಫೋನಿನಲ್ಲಿ ಧ್ವನಿ ಹಿಡಿದು ಇಡಿ. ತಪ್ಪಿದರೆ ತಪ್ಪಲಿ, ನಿಂತರೆ ನಿಲ್ಲಲಿ. ನೀವು ಹೇಳಿಕೊಡಬೇಡಿ, ಅಳಿಸಬೇಡಿ. ವಾರಕ್ಕೆ ಒಂದನ್ನು ಮಾತ್ರ ನನಗೆ ಕಳಿಸಿ.

ಮೊದಲ ದಿನದ ಧ್ವನಿಯನ್ನು ಕೇಳುವುದಕ್ಕೆ ನನ್ನಿಂದ ಆಗಲಿಲ್ಲ. ಒಂದು ನಿಮಿಷದಲ್ಲಿ ಅವಳು ಓದಿದ್ದು ಏಳೆಂಟು ಪದ. ನಡುವೆ ದೊಡ್ಡ ದೊಡ್ಡ ಮೌನ, ಆ ಮೌನದಲ್ಲಿ ನಮ್ಮ ಕುಕ್ಕರಿನ ಕೂಗು. ‘ಅಮ್ಮಾ, ಅದನ್ನ ಅಳಿಸ್ಬಿಡು’ ಅಂತ ಮಗಳು ಗೋಗರೆದಳು. ನನಗೂ ಬೆರಳು ತುರಿಸಿತು. ಆದರೆ ಮೇಡಂ ಮಾತು ನೆನೆದು ಸುಮ್ಮನಾದೆ.

ದಿನವೂ ಮಾಡಿದೆವು ಎಂದು ಹೇಳಲಾರೆ. ಹಬ್ಬ, ಜ್ವರ, ಕರೆಂಟು ಇಲ್ಲದ್ದು, ಫೋನು ಚಾರ್ಜಿಲ್ಲದ್ದು, ಹೀಗೆ ತಪ್ಪಿದ ದಿನಗಳು ಬೇಕಾದಷ್ಟು. ಆದರೆ ಬಿಡಲಿಲ್ಲ. ಮೇಡಂ ವಾರಕ್ಕೊಮ್ಮೆ ಕೇಳಿ ಒಂದೇ ಒಂದು ವಿಷಯ ಹೇಳುತ್ತಿದ್ದರು: ‘ಈ ವಾರ ಕೊಂಬು, ಕೊಂಬಿನಿಳಿ ಎರಡನ್ನೇ ನೋಡಿಕೊಳ್ಳಿ’, ‘ಈ ವಾರ ಒತ್ತಕ್ಷರ ಇರೋ ಹತ್ತು ಪದ ಸಾಕು’. ಎಲ್ಲಿ ತೂತಿದೆಯೋ ಅಲ್ಲಿಗೇ ತೇಪೆ.

2022ರ ಯುಗಾದಿಯ ದಿನ ಹೋಳಿಗೆ ಊಟ ಮುಗಿಸಿ ಕೂತಿದ್ದಾಗ, ಮೊದಲ ದಿನದ ಧ್ವನಿಯನ್ನು ಹಾಕಿದೆ. ಆಮೇಲೆ ಹಿಂದಿನ ದಿನದ್ದನ್ನು ಹಾಕಿದೆ. ಮಗಳು ಕಣ್ಣರಳಿಸಿ ಕೇಳಿದಳು. ‘ಇದ್ಯಾರಮ್ಮ, ಹಿಂಗೆ ತಡವರಿಸ್ತಾಳೆ?’ ಅಂದಳು. ‘ನೀನೇ’ ಅಂದೆ. ನಂಬಲಿಲ್ಲ. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದಳು. ನಮ್ಮತ್ತೆ ಅಕ್ಷರ ಕಲಿತವರಲ್ಲ. ಅವರೂ ಕೇಳಿ, ‘ಆಗ ಕಲ್ಲು ದಾರೀಲಿ ಗಾಡಿ ಹೋದಂಗಿತ್ತು. ಈಗ ಡಾಂಬರು ರಸ್ತೆ ಮೇಲೆ ಹೋದಂಗೈತೆ’ ಅಂದರು. ಯಾವ ಅಂಕಪಟ್ಟಿಯೂ ಇಷ್ಟು ಚೆನ್ನಾಗಿ ಹೇಳಲಾರದು!

ಮುಂದಿನ ಶಾಲಾ ವರ್ಷ, ಅಂದರೆ 2022–23ರಲ್ಲಿ, ರಾಜ್ಯದ ಶಾಲೆಗಳಲ್ಲಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮ ನಡೆಯಿತು. ಹಿಂದೆ ಬಿಟ್ಟುಹೋದ ಪಾಠಗಳನ್ನು ಕಲಿಕಾ ಹಾಳೆಗಳ ಮೂಲಕ ತುಂಬಿಸುವ ಯತ್ನ ಅದು. ನನ್ನ ಮಗಳು ಅಷ್ಟು ಹೊತ್ತಿಗೆ ಆ ಹಾಳೆಗಳನ್ನು ತಾನೇ ಓದಿಕೊಳ್ಳುತ್ತಿದ್ದಳು.

ಇದು ಹೊಸದೇನಲ್ಲ

ಮಗು ತಾನು ಕಲಿತದ್ದನ್ನು ತಾನೇ ತೋರಿಸಬೇಕು ಎಂಬುದು ಮೊಬೈಲಿನ ಜೊತೆ ಬಂದ ಮಾತಲ್ಲ. ನಮ್ಮ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಇರುವ ‘ನಲಿ-ಕಲಿ’ಯನ್ನು ನೀವು ಬಲ್ಲಿರಿ. ಅದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯೂನಿಸೆಫ್ ಸಂಸ್ಥೆಯ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಕಾರ್ಡುಗಳ ಮೂಲಕ ಮಕ್ಕಳು ಕಲಿಯುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. ಅದರಲ್ಲಿ ‘ಕಲಿಕಾ ಏಣಿ’ ಇದೆ. ಒಬ್ಬೊಬ್ಬ ಮಗು ತನ್ನ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಯಾವ ಮೆಟ್ಟಿಲಿಗೆ ಬಂದಿದ್ದೇನೆ ಎಂಬುದನ್ನು ‘ಪ್ರಗತಿ ನೋಟ’ದಲ್ಲಿ ಗುರುತು ಹಾಕುತ್ತಾರೆ. ಕೊಠಡಿಯಲ್ಲಿ ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಬರಹಗಳನ್ನು ತೋರಣದ ಹಾಗೆ ತೂಗುಹಾಕುತ್ತಾರೆ. ಅದಕ್ಕೆ ‘ಚಪ್ಪರ’ ಎಂದೇ ಹೆಸರು. ಮಗಳು ಒಂದನೇ ತರಗತಿಯಲ್ಲಿದ್ದಾಗ ನಾನು ಆ ಚಪ್ಪರದ ಕೆಳಗೆ ನಿಂತು, ‘ಓ, ಬಣ್ಣಬಣ್ಣವಾಗಿ ಚೆನ್ನಾಗಿದೆ’ ಎಂದು ಬಂದಿದ್ದೆ. ಅದು ಅಲಂಕಾರವಲ್ಲ, ಮಗುವಿನ ಲೆಕ್ಕಪತ್ರ ಎನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ಮಕ್ಕಳು ಮಾಡಿದ್ದನ್ನೆಲ್ಲ ಒಂದು ಕಡೆ ಕೂಡಿಡುವುದಕ್ಕೆ ಮೇಷ್ಟ್ರುಗಳು ‘ಕೃತಿ ಸಂಪುಟ’ ಎನ್ನುತ್ತಾರೆ. ಮೊಬೈಲು ಮಾಡುವುದೂ ಅದನ್ನೇ. ಚಪ್ಪರದಲ್ಲಿ ಕಾಗದ ಮಾತ್ರ ತೂಗುತ್ತದೆ, ಫೋನಿನಲ್ಲಿ ಧ್ವನಿಯೂ ತೂಗುತ್ತದೆ. ವ್ಯತ್ಯಾಸ ಅಷ್ಟೆ.

ನಾವು ಸಾಮಾನ್ಯವಾಗಿ ಫೋನನ್ನು ಮಗುವಿಗೆ ಏನನ್ನಾದರೂ ತೋರಿಸಲು ಬಳಸುತ್ತೇವೆ. ಅದೂ ಬೇಕು. 2017ರಲ್ಲಿ ಕೇಂದ್ರ ಸರ್ಕಾರ ತಂದ ‘ದೀಕ್ಷಾ’ ಆ್ಯಪಿನಲ್ಲಿ ಪಠ್ಯಪುಸ್ತಕದ ಚೌಕುಳಿ ಗುರುತನ್ನು ಹಿಡಿದರೆ ಪಾಠದ ವೀಡಿಯೋ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿ ಫೋನು ಬಡಿಸುತ್ತದೆ, ಮಗು ಉಣ್ಣುತ್ತದೆ. ಉಂಡದ್ದು ಮೈಗೆ ಹತ್ತಿತೇ ಎಂದು ತಿಳಿಯಬೇಕಾದರೆ ಮಗು ಮಾತಾಡಬೇಕು, ಫೋನು ಕೇಳಬೇಕು.

ತಪ್ಪು ಉತ್ತರದೊಳಗಿನ ಸರಿ

ಈ ಅಭ್ಯಾಸ ಈಗ ನಮ್ಮ ಮನೆಯಲ್ಲಿ ಮೈದುನನ ಮಗನಿಗೂ ಬಂದಿದೆ. ಅವನು ಮೂರನೇ ತರಗತಿ. ಲೆಕ್ಕದಲ್ಲಿ ಅವನಿಗೆ ಸದಾ ಕೆಂಪು ಗುರುತು. 52ರಲ್ಲಿ 38 ಕಳೆ ಎಂದರೆ 26 ಎಂದು ಬರೆಯುತ್ತಾನೆ. ನೋಟುಬುಕ್ಕು ನೋಡಿದರೆ ಕಾಣುವುದು ಇಷ್ಟೇ: ತಪ್ಪು. ‘ದಡ್ಡ ಕಣೋ ನೀನು’ ಎಂದು ಅವನಪ್ಪ ಎರಡು ಸಲ ಗದರಿದ್ದೂ ಆಯಿತು.

ಒಂದು ಸಂಜೆ ಫೋನನ್ನು ಅವನ ಕೈಬೆರಳು ಮಾತ್ರ ಕಾಣುವ ಹಾಗೆ ಚೊಂಬಿಗೆ ಒರಗಿಸಿ ನಿಲ್ಲಿಸಿ, ‘ಲೆಕ್ಕ ಮಾಡ್ತಾ ಮಾಡ್ತಾ ಬಾಯಲ್ಲಿ ಹೇಳು’ ಅಂದೆ. ಅವನು ಹೇಳಿದ: ‘ಎರಡರಲ್ಲಿ ಎಂಟು ಹೋಗಲ್ಲ. ಅದಕ್ಕೆ ಎಂಟರಲ್ಲಿ ಎರಡು ಕಳೆದೆ, ಆರು. ಐದರಲ್ಲಿ ಮೂರು ಹೋದ್ರೆ ಎರಡು. ಇಪ್ಪತ್ತಾರು!’ ನೋಡಿ, ಹುಡುಗ ಯೋಚಿಸದೆ ಗೀಚಿಲ್ಲ. ಯೋಚಿಸಿಯೇ ತಪ್ಪಿದ್ದಾನೆ. ದಶಕ ಬಿಚ್ಚುವುದು ಅವನಿಗೆ ಬಂದಿಲ್ಲ, ಅಷ್ಟೆ.

ಇದೇ ಹುಡುಗ ಶನಿವಾರ ಅಜ್ಜಿಯ ಜೊತೆ ಹೂ ಮಾರಲು ಕೂತರೆ ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. 38 ರೂಪಾಯಿ ಲೆಕ್ಕವಾಗಿ 50ರ ನೋಟು ಕೊಟ್ಟರೆ, ‘ಮೂವತ್ತೆಂಟು, ಇಗೋ ಎರಡು, ನಲವತ್ತು, ಇಗೋ ಹತ್ತು, ಐವತ್ತು’ ಎಂದು ಕೈಗೆ ಎಣಿಸುತ್ತಾನೆ. ಅದನ್ನೂ ಧ್ವನಿ ಹಿಡಿದು ಎರಡನ್ನೂ ಅವನ ಮೇಷ್ಟ್ರಿಗೆ ಕಳಿಸಿದೆ. ಮಾರನೆಯ ದಿನವೇ ಅವರು ಇವನ ಹೂವಿನ ಲೆಕ್ಕವನ್ನೇ ಹಲಗೆಯ ಮೇಲೆ ಹಾಕಿದರಂತೆ: 38ರಿಂದ 40ಕ್ಕೆ ಎರಡು, 40ರಿಂದ 50ಕ್ಕೆ ಹತ್ತು, 50ರಿಂದ 52ಕ್ಕೆ ಎರಡು, ಒಟ್ಟು 14. ಆಮೇಲೆ ಕಡ್ಡಿಗಳ ಹತ್ತರ ಕಟ್ಟು ಮಾಡಿ, ಒಂದು ಕಟ್ಟನ್ನು ಬಿಚ್ಚಿಸಿ ಅದೇ 14 ಬರುವುದನ್ನು ತೋರಿಸಿದರಂತೆ. ಹುಡುಗ ಮನೆಗೆ ಬಂದವನೇ, ‘ದೊಡ್ಡಮ್ಮಾ, ನನ್ನ ಲೆಕ್ಕ ಬೋರ್ಡಿನ ಮೇಲೆ ಬಂತು!’ ಎಂದು ಕುಣಿದ. ಒಂದು ತಪ್ಪು ಲೆಕ್ಕಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ದೂರದ ದೇಶದಲ್ಲಿ

ಅಮೆರಿಕದ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೆಂದೇ ‘ಸೀಸಾ’ ಎಂಬ ಆ್ಯಪು ಬಳಸುತ್ತಾರೆ. ಮಗು ತಾನು ಬರೆದ ಚಿತ್ರವನ್ನೋ ಲೆಕ್ಕವನ್ನೋ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆಯುತ್ತ, ತನ್ನ ದನಿಯಲ್ಲೇ ವಿವರಿಸಿ ಟೀಚರಿಗೆ ಕಳಿಸುತ್ತದೆ. ಟೀಚರು ನೋಡಿ ಒಪ್ಪಿದ ಮೇಲೆ ಅದು ಮಗುವಿನ ಖಾತೆಗೆ ಸೇರುತ್ತದೆ. ತಂದೆತಾಯಿಗೆ ತಮ್ಮ ಮಗುವಿನದಷ್ಟೇ ಕಾಣುವಂತೆ ಅದರಲ್ಲಿ ಏರ್ಪಾಡಿದೆ.

ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ನಮ್ಮ ವಾಟ್ಸಾಪು ಗುಂಪಿನಲ್ಲಿ ನಲವತ್ತು ಮನೆಯ ಮಕ್ಕಳ ಅಕ್ಷರ ನಲವತ್ತು ಮನೆಗೂ ಕಾಣುತ್ತಿತ್ತು. ನಾನು ಎಡಗೈ ಹಿಡಿದದ್ದು ಅದಕ್ಕೇ ತಾನೆ? ಮಗಳಿಗೆ ಓದು ಬರಲಿಲ್ಲ ಎಂಬ ಚಿಂತೆಗಿಂತ ನಾಲ್ಕು ಜನ ಏನಂದಾರು ಎಂಬ ಚಿಂತೆಯೇ ನನಗೆ ದೊಡ್ಡದಾಗಿತ್ತು.

ಅಮೆರಿಕದ ಆ್ಯಪು ನಮಗೆ ಬೇಕೆಂದೇನಿಲ್ಲ. ಇರುವ ಫೋನಿನಲ್ಲೇ ಮಾಡಬಹುದಾದ ಐದು ಬಗೆಗಳನ್ನು ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇವೆ.

ಮನೆಯಲ್ಲಿ ಮಾಡಬಹುದಾದ ಐದು ಬಗೆ

1. ಒಂದು ನಿಮಿಷದ ಓದು: ಪಾಠದ ಪುಸ್ತಕವೇ ಆಗಬೇಕೆಂದಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ. ಮಗು ಓದಲಿ, ನೀವು ಧ್ವನಿ ಹಿಡಿಯಿರಿ. ಓದಿದ ಮೇಲೆ ‘ಕಥೆಯಲ್ಲಿ ಏನಾಯಿತು?’ ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರವನ್ನೂ ಹಿಡಿಯಿರಿ. ಅಕ್ಷರ ಓದುವುದು ಬೇರೆ, ಅರ್ಥವಾಗುವುದು ಬೇರೆ.

2. ಮೊಳಕೆಯ ದಿನಚರಿ: ಹುರುಳಿಯನ್ನೋ ಹೆಸರುಕಾಳನ್ನೋ ನೆನೆಸಿ ಬಟ್ಟೆ ಕಟ್ಟುವುದು ನಮಗೆ ವಾರದ ಕೆಲಸ. ಈ ಸಲ ಹತ್ತು ಕಾಳು ಮಗುವಿಗೆ ಕೊಡಿ. ದಿನಕ್ಕೊಂದರಂತೆ ನಾಲ್ಕು ದಿನ ಅದೇ ಫೋಟೋ ತೆಗೆಯಲಿ. ಕೊನೆಗೆ ನಾಲ್ಕನ್ನೂ ಸಾಲಾಗಿ ನೋಡುತ್ತ, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹೇಳಲಿ. ಪರಿಸರ ಅಧ್ಯಯನದ ಪಾಠ ಅಲ್ಲೇ ಆಯಿತು, ಪಲ್ಯವೂ ಆಯಿತು!

3. ಮಾತಾಡುವ ಲೆಕ್ಕ: ಮೇಲೆ ಹೇಳಿದ ಹಾಗೆ, ಕೈ ಮಾತ್ರ ಕಾಣುವಂತೆ ಫೋನಿಟ್ಟು ಲೆಕ್ಕವನ್ನು ಬಾಯಿಬಿಟ್ಟು ಮಾಡಿಸಿ. ಹುಣಸೆ ಬೀಜ, ಕಡ್ಡಿ ಏನಾದರೂ ಸರಿ. ಉತ್ತರಕ್ಕಿಂತ ದಾರಿಯನ್ನು ಕೇಳಿ.

4. ಅಜ್ಜಿಯ ಸಂದರ್ಶನ: ಮಗು ಮೂರು ಪ್ರಶ್ನೆ ತಾನೇ ಮಾಡಿಕೊಂಡು ಅಜ್ಜಿಯನ್ನೋ ತಾತನನ್ನೋ ಕೇಳಲಿ. ನಲ್ಲಿ ಬರುವ ಮುಂಚೆ ನೀರು ಎಲ್ಲಿಂದ ತರುತ್ತಿದ್ದಿರಿ? ಕೆರೆ ತುಂಬಿದಾಗ ಏನು ಮಾಡುತ್ತಿದ್ದಿರಿ? ಆಮೇಲೆ ಅದನ್ನು ಕೇಳಿಸಿಕೊಂಡು ಐದು ವಾಕ್ಯ ಕೈಯಲ್ಲಿ ಬರೆಯಲಿ. ನಮ್ಮತ್ತೆಗಂತೂ ಈ ಸಂದರ್ಶನವಾದ ದಿನ ನೆಲದ ಮೇಲೆ ಕಾಲಿರಲಿಲ್ಲ.

5. ಮಾತು ಅಕ್ಷರವಾಗುವ ಆಟ: 2017ರಿಂದ ಗೂಗಲ್ಲಿನ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡುವ ಸೌಲಭ್ಯವಿದೆ. ಮಗು ಎರಡು ವಾಕ್ಯ ಹೇಳಲಿ. ಮೂಡಿದ್ದನ್ನು ಓದಿ, ಫೋನು ಎಲ್ಲಿ ತಪ್ಪು ಬರೆದಿದೆ ಎಂದು ಹುಡುಕಲಿ. ಫೋನಿನ ತಪ್ಪು ಹಿಡಿಯುವುದೆಂದರೆ ಮಕ್ಕಳಿಗೆ ಬೆಲ್ಲ ಸಿಕ್ಕ ಹಾಗೆ. ಆದರೆ ಕೊನೆಗೆ ಅದನ್ನು ಕೈಯಲ್ಲಿ ಬರೆಸಲು ಮರೆಯಬೇಡಿ. ಇಲ್ಲವಾದರೆ ಬರೆಯುವ ಅಭ್ಯಾಸ ಫೋನಿಗಾಗುತ್ತದೆ, ಮಗುವಿಗಲ್ಲ.

ಇವನ್ನೆಲ್ಲ ಎಲ್ಲಿಡುವುದು ಎಂದು ಕೇಳಬಹುದು. ವಾಟ್ಸಾಪಿನಲ್ಲಿ ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರ ಕೊನೆಯಿಂದ ಇದೆ. ನಿಮ್ಮ ಹೆಸರಿಗೇ ಧ್ವನಿ ಕಳಿಸಿಕೊಂಡರೆ ತಾರೀಖಿನ ಸಮೇತ ಸಾಲಾಗಿ ಕೂತಿರುತ್ತದೆ. ಬೇರೆ ಯಾರಿಗೂ ಕಾಣುವುದಿಲ್ಲ. ಧ್ವನಿಗೆ ವೀಡಿಯೋದಷ್ಟು ಡೇಟಾ ಖರ್ಚಾಗುವುದಿಲ್ಲ, ಫೋನಿನ ಜಾಗವೂ ಬೇಗ ತುಂಬುವುದಿಲ್ಲ.

ದೊಡ್ಡ ಫೋನು ಇಲ್ಲದ ಮನೆಯವರು ಬೇಸರ ಮಾಡಿಕೊಳ್ಳಬೇಡಿ. ಗುಂಡಿ ಒತ್ತುವ ಎಷ್ಟೋ ಫೋನುಗಳಲ್ಲೂ ಧ್ವನಿ ಹಿಡಿಯಬಹುದು. ಅದೂ ಇಲ್ಲವೇ? ಗೋಡೆಯ ಎರಡು ಮೊಳೆಗೆ ದಾರ ಕಟ್ಟಿ ನಲಿ-ಕಲಿಯ ಚಪ್ಪರವನ್ನೇ ಮನೆಗೆ ತನ್ನಿ. ಮಗು ಮಾಡಿದ್ದನ್ನು ಅಲ್ಲಿ ತೂಗುಹಾಕಿ, ಮನೆಗೆ ಬಂದ ನೆಂಟರಿಗೆ ಮಗುವೇ ವಿವರಿಸಲಿ. ಮುಖ್ಯವಾದದ್ದು ಯಂತ್ರವಲ್ಲ, ಕೇಳುವ ಕಿವಿ.

ಈ ತಪ್ಪು ಮಾಡಬೇಡಿ

ಸಾರಿಗೆ ಉಪ್ಪು ಹೆಚ್ಚಾದರೆ ಕೆಡುವ ಹಾಗೆ ಇದರಲ್ಲೂ ಕೆಡುವ ದಾರಿಗಳಿವೆ.

ಪಕ್ಕದಲ್ಲಿ ಕೂತು ಪಿಸುಗುಟ್ಟಬೇಡಿ. ಧ್ವನಿ ಹಿಡಿಯುವಾಗ ನಾವು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದರೇ ಗೊತ್ತಾಗುವುದು. ನಾನಂತೂ ಮೊದಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂರುತ್ತಿದ್ದೆ.

ಹತ್ತು ಸಲ ಹೇಳಿಸಿ, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಆರಿಸಿ ಕಳಿಸಬೇಡಿ. ಅದು ಎಡಗೈ ಬರಹದ ತಂಗಿ! ಮೊದಲ ಸಲ ಬಂದದ್ದೇ ನಿಜವಾದ ಅಗುಳು.

ಸ್ಟೇಟಸ್ಸಿಗೆ ಹಾಕಬೇಡಿ, ನೆಂಟರ ಗುಂಪಿಗೆ ಕಳಿಸಬೇಡಿ. ಮಗು ತಡವರಿಸಿ ಓದಿದ್ದು ಊರವರ ನಗೆಗೆ ವಸ್ತುವಾಗಬಾರದು. ಚೆನ್ನಾಗಿ ಓದಿದ್ದು ಇನ್ನೊಬ್ಬ ತಾಯಿಯ ಕಣ್ಣೀರಿಗೆ ಕಾರಣವಾಗಬಾರದು. ಕಳಿಸಲೇಬೇಕೆಂದರೆ ಮಗುವನ್ನೇ ಕೇಳಿ. ‘ಬೇಡ’ ಎಂದರೆ ಬೇಡ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿದ್ದಾರೆ. ಅವರ ವಿವರಗಳನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎಂದು ಅದರಲ್ಲಿದೆ. ಅಂದರೆ ಕಾವಲುಗಾರರು ನಾವೇ. ಹೆಸರು, ವಯಸ್ಸು, ಮುಖದ ಫೋಟೋ ಕೇಳುವ ಹೊಸ ಹೊಸ ಆ್ಯಪುಗಳಿಗೆ ಕಣ್ಣು ಮುಚ್ಚಿ ‘ಸರಿ’ ಒತ್ತಬೇಡಿ.

ಮೇಷ್ಟ್ರ ಸಮಯವನ್ನೂ ನೆನಪಿಡಿ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದು, ಎಲ್ಲರೂ ದಿನಾ ಒಂದೊಂದು ನಿಮಿಷ ಕಳಿಸಿದರೆ ಅವರಿಗೆ ದಿನಕ್ಕೆ ನಲವತ್ತು ನಿಮಿಷ ಕೇಳುವ ಕೆಲಸ. ಆದ್ದರಿಂದ ಮೊದಲು ಅವರನ್ನು ಕೇಳಿ, ವಾರಕ್ಕೊಂದೋ ತಿಂಗಳಿಗೊಂದೋ ಕಳಿಸಿ. ಅವರಿಗೆ ಬಿಡುವಿಲ್ಲದಿದ್ದರೂ ಚಿಂತೆಯಿಲ್ಲ, ನೀವು ಕೇಳಿದರೂ ಅರ್ಧ ಕೆಲಸ ಆದಂತೆಯೇ.

ಧ್ವನಿ ಹಿಡಿದು ಮುಗಿದ ಕೂಡಲೇ ಫೋನು ಮತ್ತೆ ಮಾಡದ ಮೇಲೆ. ‘ಹತ್ತು ನಿಮಿಷ ಗೇಮ್ ಆಡ್ತೀನಿ’ ಎಂಬ ರಾಗಕ್ಕೆ ಕರಗಬೇಡಿ. ಓದಿಗೆ ಗೇಮು ಲಂಚವಾದರೆ, ನಾಳೆ ಗೇಮಿಲ್ಲದೆ ಓದಿಲ್ಲ.

ಕೊನೆಯದಾಗಿ ಒಂದು ಮಾತು. ಈಗೀಗ ಫೋನನ್ನು ಕೇಳಿದರೆ ಫೋನೇ ಪ್ರಬಂಧ ಬರೆದುಕೊಡುತ್ತದೆ, ಲೆಕ್ಕ ಮಾಡಿಕೊಡುತ್ತದೆ. ನನ್ನ ಎಡಗೈಯೂ ಬೇಕಾಗಿಲ್ಲ! ಮುದ್ದಾಗಿ ಬರೆದ ಉತ್ತರ ನೋಡಿ ಮಗು ಕಲಿತಿದೆ ಎಂದು ನಂಬುವ ಕಾಲ ಹೋಯಿತು. ಹಾಗಾಗಿ ‘ಇದನ್ನು ನಿನ್ನ ಬಾಯಲ್ಲಿ ಹೇಳು, ಕೇಳೋಣ’ ಎನ್ನುವ ತಾಯಿಯ ಮಾತಿಗೆ ಹಿಂದೆಂದಿಗಿಂತ ಈಗ ಬೆಲೆ ಹೆಚ್ಚು. ಇದಕ್ಕೆ ನಮಗೆ ಇಂಗ್ಲಿಷು ಬರಬೇಕಿಲ್ಲ, ಕಾಲೇಜು ಓದಿರಬೇಕಿಲ್ಲ. ನಮ್ಮತ್ತೆಯಂತೆ ಅಕ್ಷರವೇ ಬಾರದವರೂ ಕಲ್ಲು ದಾರಿ ಯಾವುದು, ಡಾಂಬರು ರಸ್ತೆ ಯಾವುದು ಎಂದು ಕೇಳಿಯೇ ಹೇಳಬಲ್ಲರು.

ನನ್ನ ಮಗಳು ಈಗ ಪ್ರಾಥಮಿಕ ಶಾಲೆಯ ಕೊನೆಯ ಮೆಟ್ಟಿಲುಗಳಲ್ಲಿದ್ದಾಳೆ. ಮೊನ್ನೆ ಯಜಮಾನರು ಫೋನಿನಲ್ಲಿ ಜಾಗವಿಲ್ಲವೆಂದು ಹಳೆಯದನ್ನೆಲ್ಲ ತೆಗೆಯುತ್ತಿದ್ದರು. ನನ್ನ ಎಡಗೈ ಬರಹದ ಫೋಟೋಗಳು ಬಂದವು. ‘ಇವನ್ನೂ ತೆಗೆಯಲಾ?’ ಎಂದು ಕೇಳಿದರು. ಒಂದನ್ನು ಮಾತ್ರ ಉಳಿಸಿ ಎಂದೆ. ಅದರ ಪಕ್ಕದಲ್ಲೇ ಮಗಳ ಮೊದಲ ದಿನದ ಧ್ವನಿಯನ್ನೂ ಇಟ್ಟಿದ್ದೇನೆ. ಒಂದರಲ್ಲಿ ಅಕ್ಷರ ದುಂಡಗಿದೆ, ಮಗು ಇಲ್ಲ. ಇನ್ನೊಂದರಲ್ಲಿ ಏಳೆಂಟೇ ಪದ, ಆದರೆ ಮಗು ಇದೆ.

ಇವತ್ತು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಒಂದು ನಿಮಿಷ ಬಿಡುವು ಮಾಡಿಕೊಳ್ಳಿ, ಸೋದರಿಯರೇ. ಟಿವಿ ಆರಿಸಿ, ಫೋನನ್ನು ಮಗುವಿನ ಮುಂದಿಟ್ಟು, ನೀವು ಸುಮ್ಮನೆ ಕೂತು ಕೇಳಿ. ಏನಂತೀರಿ?